ಸದಾಶಿವಪ್ಪನವರ ಕತ್ತು, ಸಾಹೇಬರ ಎಡಗಾಲು

೧೯೫೮ರ ಡಿಸೆಂಬರ್ ೫, ಶುಕ್ರವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಶಿಕಾರಿಪುರದ ಗುಮಾಸ್ತ ಸದಾಶಿವಪ್ಪನವರ ಕತ್ತು ಎಡಕ್ಕೆ ಹೋಯಿತು. ವಾಪಸ್ ಬರಲಿಲ್ಲ.

ಎಡಕ್ಕೆ ಹೋಗುವುದು ಅದಕ್ಕೆ ಹೊಸದಲ್ಲ. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಸದಾಶಿವಪ್ಪನವರು ಹಿತ್ತಿಲ ಕಲ್ಲಿನ ಮೇಲೆ ಕೂತು, ಒಂದು ಕೈಯಲ್ಲಿ ಗದ್ದ, ಇನ್ನೊಂದರಲ್ಲಿ ನೆತ್ತಿ ಹಿಡಿದು, ಕತ್ತನ್ನು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಚಿ ನೆಟಿಗೆ ತೆಗೆಯುತ್ತಿದ್ದರು. ಬಲಕ್ಕೆ ‘ಕಟಕ್’, ಎಡಕ್ಕೆ ‘ಕಟಕಟಕ್’. ಕ್ಷೌರದಂಗಡಿಯಲ್ಲಿ ಒಮ್ಮೆ ಸಿಕ್ಕ ಸುಖವನ್ನು ಅವರು ಮನೆಗೆ ತಂದು ದಿನಚರಿ ಮಾಡಿಕೊಂಡಿದ್ದರು. ಸದ್ದು ದೊಡ್ಡದಾದಷ್ಟೂ ಆರೋಗ್ಯ ದೊಡ್ಡದು ಎಂಬುದು ಅವರ ಸಿದ್ಧಾಂತ; ಕಚೇರಿಯಲ್ಲಿ ಈ ವಿಷಯದ ಮೇಲೆ ಆಗಾಗ್ಗೆ ಉಪದೇಶವನ್ನೂ ಮಾಡುತ್ತಿದ್ದರು. ಪಕ್ಕದ ಮನೆಯ ಬಸಕ್ಕ ಆ ಎರಡನೆಯ ಸದ್ದು ಕೇಳಿದ ಮೇಲೆಯೇ ಎಮ್ಮೆ ಕರೆಯಲು ಕೂರುತ್ತಿದ್ದಳು.

ಆ ಶುಕ್ರವಾರ ಬಲಗಡೆಯ ಸದ್ದು ಸಣ್ಣದಾಗಿ ಬಂತು. ಸದಾಶಿವಪ್ಪನವರಿಗೆ ಅವಮಾನವಾಯಿತು. ಎಡಕ್ಕೆ ತಿರುಚುವಾಗ ಜೋರು ಹೆಚ್ಚು ಹಾಕಿದರು. ಒಣ ಬಿದಿರು ಸೀಳಿದಂಥ ಸದ್ದು. ಗೋಡೆಯಾಚೆ ಎಮ್ಮೆ ಚೆಂಬು ಒದ್ದಿತು.

“ಏನ್ರೀ, ಆ ಕಡೆ ಏನ್ ನೋಡ್ತೀರಿ? ನಾನು ಇಲ್ಲಿದೀನಿ” ಎಂದರು ಬಚ್ಚಲಿನಿಂದ ಬಂದ ಹೆಂಡತಿ ನಿರ್ಮಲಮ್ಮ.

“ನೋಡ್ತಿಲ್ಲ ಕಣೇ. ಕತ್ತು ನಿಂತೈತಿ.”

“ನಿಂತೈತಿ ಅಂದ್ರೆ?”

“ಬಸ್ ಕೆಟ್ಟು ನಿಂತಂಗೆ ನಿಂತೈತಿ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.”

ನಿಖರವಾಗಿ ಹೇಳುವುದಾದರೆ, ಗಡಿಯಾರದ ಹನ್ನೆರಡರ ಕಡೆ ಇರಬೇಕಾದ ಅವರ ಮೂಗು ಹನ್ನೊಂದರ ಕಡೆ ಇತ್ತು. ಬಗ್ಗುವುದು, ಏಳುವುದು, ಆಡುವುದು ಯಾವುದೂ ಇಲ್ಲ. ಪೂಜೆಗೆ ಕೂತರೆ ಅಂಗೈಯ ಲಿಂಗ ಕಾಣಲಿಲ್ಲ. ಕೈಯನ್ನೇ ಎಡಗಣ್ಣಿನ ಮಟ್ಟಕ್ಕೆ ಎತ್ತಿಕೊಂಡು ಪೂಜೆ ಮುಗಿಸಿದರು.

ಬೇರೆ ವಾರವಾಗಿದ್ದರೆ ಇದನ್ನು ಉಳುಕು ಎಂದು ಬಿಡಬಹುದಿತ್ತು. ಆದರೆ ಸದಾಶಿವಪ್ಪನವರು ಹನ್ನೊಂದು ವರ್ಷದಿಂದ ಹಂಗಾಮಿ ಗುಮಾಸ್ತರು. (ಕಚೇರಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಶಿಕಾರಿಪುರದಲ್ಲಿ ಕಚೇರಿಗಳು ಕಡಿಮೆ, ಓದುಗರು ಜಾಣರು.) ಅವರನ್ನು ಕಾಯಂ ಮಾಡುವ ಕಾಗದ ಕೊನೆಗೂ ಹೊರಟಿತ್ತು. ಡಿಸೆಂಬರ್ ೧೧, ಗುರುವಾರ, ಸೊರಬದಿಂದ ಮೇಲಧಿಕಾರಿ ತಪಾಸಣೆಗೆ ಬಂದು ಅದಕ್ಕೆ ಸಹಿ ಹಾಕಬೇಕಿತ್ತು. ಕಾಗದದ ಒಂಬತ್ತನೆಯ ಕಲಂ ಹೀಗಿತ್ತು: ‘ಅಭ್ಯರ್ಥಿಗೆ ಅಂಗನ್ಯೂನತೆ ಉಂಟೇ? ಅಧಿಕಾರಿಯು ಖುದ್ದು ನೋಡಿ ಬರೆಯತಕ್ಕದ್ದು.’ ಹಿಂದಿನ ವರ್ಷ ಗುರುಮಲ್ಲಪ್ಪ ಎಂಬ ಹಂಗಾಮಿಯವರು ತಪಾಸಣೆಯ ಹೊತ್ತಿಗೆ ಎಡೆಬಿಡದೆ ಕೆಮ್ಮಿ ಇದೇ ಒಂಬತ್ತನೆಯ ಕಲಮಿನಲ್ಲಿ ಸಿಕ್ಕಿಬಿದ್ದಿದ್ದರು. ಅವರು ಈಗ ತೊಗರ್ಸಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಕೆಮ್ಮು ಅದೇ ವಾರ ನಿಂತಿತು.

ಸರ್ಕಾರಿ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಅಲ್ಲಿನ ಕಾಂಪೌಂಡರು ಮತ್ತು ಕಚೇರಿಯ ಜವಾನ ಜಯಪ್ಪ ದಿನಾ ಸಂಜೆ ಒಟ್ಟಿಗೆ ಇಸ್ಪೀಟು ಆಡುವವರು. ಆಸ್ಪತ್ರೆಗೆ ಹೇಳಿದ ರೋಗ ಏಳು ಗಂಟೆಗೆ ಕಚೇರಿಗೆ ಗೊತ್ತಾಗುತ್ತಿತ್ತು. ಆದ್ದರಿಂದ ಚಿಕಿತ್ಸೆ ಮನೆಯಲ್ಲೇ ನಡೆಯಿತು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ತಿಕ್ಕಿದರು. ಕತ್ತು ಅಲ್ಲೇ ಇತ್ತು, ವಾಸನೆ ಮಾತ್ರ ಬೀದಿಯ ತನಕ ಹೋಯಿತು. ಹುರಿದ ಉಪ್ಪಿನ ಗಂಟಿನ ಶಾಖ ಕೊಟ್ಟರು. ಗಂಟು ಬಿಚ್ಚಿ ಉಪ್ಪು ಬೆನ್ನೊಳಗೆ ಇಳಿಯಿತು. ತಪ್ಪು ದಿಂಬಿನದೆಂದು ಯಾರೋ ಹೇಳಿದ್ದರಿಂದ ದಿಂಬನ್ನು ಶನಿವಾರ ಇಡೀ ದಿನ ಬಿಸಿಲಿಗೆ ಹಾಕಿದರು. ಸಂಜೆಗೆ ದಿಂಬು ತುಂಬಾ ಚೆನ್ನಾಗಿತ್ತು.

ಕಚೇರಿಯಲ್ಲಿ ಅವರು ಕುರ್ಚಿಯನ್ನು ಬಲಕ್ಕೆ ತಿರುಗಿಸಿಕೊಂಡು ಮುಖ ನೇರವಾಗುವಂತೆ ಕೂತರು.

“ಗುಮಾಸ್ತ್ರೇ, ಗೋಡೆ ಕಡೆ ತಿರುಗಿ ಯಾಕ್ ಕುಂತೀರಿ?” ಎಂದ ಜಯಪ್ಪ.

“ಬೆಳಕು.”

“ಬೆಳಕು ಈ ಕಡೆ ಐತಲ್ರೀ.”

“ಅದಕ್ಕೇ ಆ ಕಡೆ ಕುಂತಿರೋದು.”

ಕಾಯಂ ಆಗುವ ಮೊದಲೇ ಸದಾಶಿವಪ್ಪನಿಗೆ ತಲೆ ತಿರುಗಿದೆ ಎಂದು ಮಧ್ಯಾಹ್ನದೊಳಗೆ ಸುದ್ದಿಯಾಯಿತು. ಅಸಲಿಗೆ ತೊಂದರೆ ಅದು ತಿರುಗದಿದ್ದುದು.

ಶನಿವಾರ ಸಂಜೆ ದಿಂಬು ಒಳಗೆ ತರುವಾಗ ಬಸಕ್ಕ ಗೋಡೆಯ ಮೇಲೆ ತಲೆ ಇಟ್ಟಳು. “ಸದಾಶಿವಣ್ಣ, ದಿಂಬು ಬಿಸಿಲಿಗೆ ಹಾಕಿದ್ರೆ ಏನಾಗ್ತದೆ? ನಿಮಗೆ ಬೇಕಿರೋದು ಒದೆ.”

“ನಾನೂ ಅದನ್ನೇ ಹೇಳ್ತಾ ಬಂದೀನಿ” ಎಂದರು ನಿರ್ಮಲಮ್ಮ.

“ತಮಾಷೆ ಅಲ್ಲ ನಿರ್ಮಲಕ್ಕ. ಕಾಲು ಮುಂದಾಗಿ ಹುಟ್ಟಿದೋರು ಒದೀಬೇಕು. ಎಡಗಾಲಲ್ಲಿ, ಮೂರು ಸಲ, ಒಂದೇ ದಿನ. ಉಳುಕು ಎಲ್ಲೇ ಕೂತಿದ್ರೂ ಎದ್ದು ಓಡ್ತದೆ.”

ಮಗು ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದರೆ ಆ ಕಾಲಿಗೆ ಉಳುಕು ಬಿಡಿಸುವ ಗುಣವಿರುತ್ತದೆ ಎಂಬುದನ್ನು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸುವವರಿಗೆ ಆ ಹೊತ್ತಿನಲ್ಲಿ ಉಳುಕಿರುವುದಿಲ್ಲ.

“ಈ ಊರಾಗೆ ಅಂಥೋರು ಯಾರದಾರೆ?”

“ಶೇಷಮ್ಮ ಒಬ್ಬಳಿದ್ಲು, ಹೋದ ವರ್ಷ ತೀರ್ಕೊಂಡ್ಲು. ನನ್ನ ತವರು ಹೊಸಬಾಳೇಲಿ ಒಬ್ಬ ಹುಡುಗ ಇದ್ದ. ನಮ್ಮಪ್ಪನ ಸೊಂಟ ಹಿಡ್ಕೊಂಡಾಗ ಅವನೇ ಒದ್ದಿದ್ದು. ಮೂರು ವರ್ಷದ ಪಾಪ! ಮಲಗಿದ್ದೋನ್ನ ಎತ್ಕೊಂಡು ಬಂದು ಒದೆಸಿದ್ರು. ನಮ್ಮಪ್ಪ ಅಂದೇ ಗದ್ದೆಗೆ ಹೋದ. ಈಗ ಓದಿ, ದೊಡ್ಡ ಸಾಹೇಬ ಆಗಿ, ಸೊರಬದಲ್ಲೇ ಅದಾನಂತೆ. ಮಧುಕೇಶ್ವರ ಅಂತ ಹೆಸರು.”

ಸದಾಶಿವಪ್ಪನವರ ಕೈಯಿಂದ ದಿಂಬು ಬಿತ್ತು. ಗುರುವಾರ ತಪಾಸಣೆಗೆ ಬರಲಿದ್ದ ಅಧಿಕಾರಿಯ ಹೆಸರು ಮಧುಕೇಶ್ವರ.

ಪರಿಸ್ಥಿತಿ ಇಷ್ಟಾಯಿತು: ಕತ್ತು ಸರಿಮಾಡಬಲ್ಲ ಮನುಷ್ಯ ಒಬ್ಬರೇ, ಕತ್ತು ಕೆಟ್ಟಿದೆ ಎಂದು ತಿಳಿಯಬಾರದ ಮನುಷ್ಯರೂ ಅವರೊಬ್ಬರೇ. ಒದೆಯಿರಿ ಎಂದು ಕೇಳಿದರೆ ಒಂಬತ್ತನೆಯ ಕಲಂ ಹೋಯಿತು. ಕೇಳದಿದ್ದರೆ ಸಾಹೇಬರು ಸುಮ್ಮಸುಮ್ಮನೆ ಯಾಕೆ ಒದೆಯುತ್ತಾರೆ? ಅವರು ಸಿಟ್ಟು ಮಾಡಿದ್ದನ್ನೇ ಯಾರೂ ಕಂಡಿರಲಿಲ್ಲ.

“ಹೋಗಿ ನೋಡ್ಕೊಂಡಾದ್ರೂ ಬರ್ರಿ. ಕಾಲು ಹೆಂಗೈತೋ ಏನೋ” ಎಂದರು ನಿರ್ಮಲಮ್ಮ.

ಭಾನುವಾರ ಬೆಳಗಿನ ಬಸ್ಸಿನಲ್ಲಿ ಅವರ ಎಡಗಡೆಯ ಸೀಟಿನಲ್ಲಿ ಈಸೂರಿನ ಉಜ್ಜಪ್ಪ ಕೂತಿದ್ದ. ನಲವತ್ತೆರಡರಲ್ಲಿ ಜೈಲು ಕಂಡುಬಂದ ರೈತ. ಪಹಣಿಯ ನಕಲಿಗಾಗಿ ಸದಾಶಿವಪ್ಪನವರ ಕಚೇರಿಗೇ ಏಳು ತಿಂಗಳಿಂದ ಓಡಾಡುತ್ತಿದ್ದ. ಸದಾಶಿವಪ್ಪನವರ ಮುಖ ತನ್ನ ಕಡೆಗೇ ಇದ್ದದ್ದರಿಂದ ಉಜ್ಜಪ್ಪ ಮಾತು ತೆಗೆದ. ಶಿರಾಳಕೊಪ್ಪ ಬರುವ ತನಕ ಆ ಮುಖ ಆ ಕಡೆಯಿಂದ ಕದಲಲಿಲ್ಲ. ಉಜ್ಜಪ್ಪ ಜೈಲಿನ ಮುದ್ದೆಯಿಂದ ಹಿಡಿದು ಪಹಣಿಯ ತನಕ ಎಲ್ಲವನ್ನೂ ಹೇಳಿ, ಇಳಿಯುವಾಗ ಕೈ ಹಿಡಿದುಕೊಂಡ.

“ಸ್ವಾಮೇರಾ, ಸರ್ಕಾರದ ಮನುಷ್ಯ ಒಬ್ಬ ಮುಖ ಕೊಟ್ಟು ನನ್ನ ಮಾತು ಕೇಳಿದ್ದು ಇದೇ ಮೊದಲು. ನಿಮಗೇನಾರ ಕಷ್ಟ ಬಂದ್ರೆ ಈಸೂರಿಗೆ ಒಂದ್ ಮಾತು ಹೇಳಿಕಳಿಸ್ರಿ.”

ಸದಾಶಿವಪ್ಪನವರಿಗೆ ತಲೆದೂಗಬೇಕೆನಿಸಿತು. ಆಗಲಿಲ್ಲ.

ಸೊರಬದಲ್ಲಿ ಸಾಹೇಬರು ಜಗುಲಿಯ ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಮೂವತ್ತೈದರ ಪ್ರಾಯ, ತೆಳುವಾದ ಮೈ, ಮೆಲುಮಾತು. ಒಳಗಿನಿಂದ ಕಾಫಿ ಬಂತು. ಕಾಫಿ ಕುಡಿಯಲು ತಲೆ ಹಿಂದಕ್ಕೆ ವಾಲಬೇಕು. ಸದಾಶಿವಪ್ಪನವರು ತಲೆಯ ಬದಲು ಇಡೀ ಮೈಯನ್ನು ಹಿಂದಕ್ಕೆ ವಾಲಿಸಿದರು. ಬೆಂಚಿಗೆ ಒರಗು ಇರಲಿಲ್ಲ. ಲೋಟದ ಮುಕ್ಕಾಲು ಪಾಲು ಎಡಕೆನ್ನೆಯ ಮೇಲೆ ಹರಿದು ಕಿವಿ ಸೇರಿತು.

“ಬಿಸಿ ಜಾಸ್ತಿಯೇನ್ರೀ?” ಎಂದರು ಸಾಹೇಬರು.

“ಕಿವಿಗೆ ಸರಿಯಾಗೈತಿ ಸಾರ್.”

ಸಾಹೇಬರ ಕುರ್ಚಿಯ ಕೆಳಗಿನಿಂದ ‘ಟಪ್, ಟಪ್’ ಎಂದು ಚಪ್ಪಲಿಯ ಸದ್ದು ಬರುತ್ತಿತ್ತು. ಒಂದು ಕಾಲು ಅಲ್ಲಾಡಿಸುವ ಚಾಳಿ. ಯಾವ ಕಾಲು? ಸದಾಶಿವಪ್ಪನವರ ಕತ್ತು ಕೆಳಗೆ ಬಗ್ಗುವಂತಿರಲಿಲ್ಲ. ಧೈರ್ಯ ಮಾಡಿ ಬಾಯಿಬಿಟ್ಟರು: “ಸಾರ್, ತಮ್ಮ ಪಾದ…”

ಟಪ್ ಟಪ್ ನಿಂತಿತು. ಸಾಹೇಬರು ಪತ್ರಿಕೆ ಮಡಚಿದರು. “ನೋಡಿ ಮಾರಾಯ್ರೇ, ಪಾದದ ಮಾತು ನನ್ನ ಹತ್ತಿರ ಆಡಬೇಡಿ. ಕಾಲಿನ ಹತ್ತಿರ ಬರೋರನ್ನು ಕಂಡರೆ ನನಗೆ ಆಗೋದಿಲ್ಲ. ಗುರುವಾರ ಬರ್ತೇನೆ. ನೆಟ್ಟಗೆ ನನ್ನ ಮುಖ ನೋಡಿ ಉತ್ತರ ಕೊಡಿ, ಸಾಕು.”

ಸದಾಶಿವಪ್ಪನವರು ನಮಸ್ಕಾರ ಹೇಳಿ ಹಿಂದೆಹಿಂದಕ್ಕೇ ನಡೆದು ರಸ್ತೆಯ ತನಕ ಹೋದರು. ಕತ್ತು ಬಗ್ಗದವನಿಗೆ ಇನ್ನೊಬ್ಬರ ಕಾಲು ಕಾಣಬೇಕಾದರೆ ಅಷ್ಟು ದೂರ ಬೇಕು. ಅಲ್ಲಿಂದ ಕಂಡಿತು. ಟಪ್ ಟಪ್ ಮತ್ತೆ ಶುರುವಾಗಿತ್ತು. ಸಾಹೇಬರು ಅಲ್ಲಾಡಿಸುತ್ತಿದ್ದದ್ದು ಎಡಗಾಲು. ಸೊರಬದ ಪ್ರಯಾಣದ ಫಲ ಇಷ್ಟೇ. ಆದರೆ ಇದು ಕಡಿಮೆಯಲ್ಲ.

ಗುರುವಾರ ಹನ್ನೊಂದು ಗಂಟೆಗೆ ತಪಾಸಣೆ ಶುರುವಾಯಿತು. ಸಾಹೇಬರು ದೊಡ್ಡ ಮೇಜಿನ ಹಿಂದೆ. ಮೇಜಿನ ಮೇಲೆ ನೆಲ ಮುಟ್ಟುವ ಹಸಿರು ಬಟ್ಟೆ. ಸದಾಶಿವಪ್ಪನವರು ಬಲಕ್ಕೆ ಮೈ ತಿರುಗಿಸಿ, ಮೂಗು ಸಾಹೇಬರ ಕಡೆ ಬರುವಂತೆ ನಿಂತಿದ್ದರು. ಬಾಗಿಲಲ್ಲಿ ಜಯಪ್ಪ. ಹೊರಗೆ ಕಿಟಕಿಯ ಕೆಳಗೆ ನಕಲಿಗೆ ಕಾಯುತ್ತ ಉಜ್ಜಪ್ಪ. ಮೇಜಿನ ಕೆಳಗೆ ಟಪ್, ಟಪ್.

ಹನ್ನೊಂದೂ ಇಪ್ಪತ್ತಕ್ಕೆ ರೂಲುದೊಣ್ಣೆ ಬಿತ್ತು. ಸದಾಶಿವಪ್ಪನವರು ಮೇಜಿನ ಕೆಳಗೆ ತೂರಿದರು. ಅಲ್ಲಾಡುತ್ತಿದ್ದ ಕಾಲು ಕತ್ತಿನ ಹಿಂಭಾಗಕ್ಕೆ ಮೆಲ್ಲಗೆ ತಗುಲಿತು. ಒಂದು.

ಹನ್ನೊಂದೂ ಇಪ್ಪತ್ತೈದಕ್ಕೆ ಮಸಿಕುಡಿಕೆಯ ಮುಚ್ಚಳ ಬಿತ್ತು. ಎರಡು.

“ಏನ್ರೀ ಅದು, ಪದೇ ಪದೇ?”

“ಮುಚ್ಚಳ ಸಾರ್. ಸರ್ಕಾರದ್ದು.”

ಸಾಹೇಬರು ಕಾಯಂ ಕಾಗದ ಎತ್ತಿಕೊಂಡರು. ಏಳನೆಯ ಕಲಂ ಮುಗಿಯಿತು. ಎಂಟು ಮುಗಿಯಿತು. ಒಂಬತ್ತಕ್ಕೆ ಬಂದು, ಲೇಖನಿ ಹಿಡಿದು, “ಎಲ್ಲಿ, ಹತ್ತಿರ ಬನ್ನಿ, ನಿಮ್ಮನ್ನ ಒಂದು ಸಲ ಸರಿಯಾಗಿ…” ಎಂದು ತಲೆ ಎತ್ತಿದರೆ ಎದುರಿಗೆ ಯಾರೂ ಇರಲಿಲ್ಲ. ಈ ಸಲ ಏನೂ ಬಿದ್ದಿರಲಿಲ್ಲ. ಬೀಳಿಸಲು ಮೇಜಿನ ಮೇಲೆ ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಸಾಹೇಬರ ಎಡಗಾಲಿಗೆ ಬೆಚ್ಚಗೆ, ಕೂದಲು ಕೂದಲಾಗಿ ಏನೋ ಒತ್ತಿತು. ಆ ಕಚೇರಿಯಲ್ಲಿ ಬಿಸಿಲೇರಿದರೆ ಬೀದಿ ನಾಯಿಗಳು ಒಳಗೆ ಬಂದು ಮಲಗುವುದು ರೂಢಿ. ಸಾಹೇಬರು “ಹಚಾ!” ಎಂದು ಇದ್ದ ಶಕ್ತಿಯೆಲ್ಲ ಹಾಕಿ ಒದ್ದರು.

ಕಟಕಟಕ್!

ಸದ್ದು ಬಾಗಿಲಿಗೂ ಕೇಳಿತು, ಕಿಟಕಿಗೂ ಕೇಳಿತು. ಹಸಿರು ಬಟ್ಟೆ ಸರಿಸಿಕೊಂಡು ಸದಾಶಿವಪ್ಪನವರು ಹೊರಗೆ ತೆವಳಿದರು. ಕಣ್ಣಲ್ಲಿ ನೀರು. ಸಾಹೇಬರ ಕಡೆಗೆ ಎರಡೂ ಕೈ ಮುಗಿದಿದ್ದರು.

“ಅಯ್ಯೋ ದೇವರೇ! ನಾಯಿ ಅಂತ ಒದ್ದೆ ಕಣ್ರೀ!” ಎಂದು ಸಾಹೇಬರು ಕೂಗಿದರು.

ಕಿಟಕಿಯಲ್ಲಿ ಉಜ್ಜಪ್ಪನ ಮುಖ ಎದ್ದಿತು. ಅವನು ಕೇಳಿದ್ದು ಅಷ್ಟನ್ನೇ, ನೋಡಿದ್ದೂ ಅಷ್ಟನ್ನೇ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮೂರು ಗಂಟೆಗೆ ಕಚೇರಿಯ ಮುಂದೆ ಇನ್ನೂರು ಜನ. ನಾಲ್ಕುನೂರು ಎಂದವರೂ ಇದ್ದಾರೆ. ಆ ಅಂಗಳದಲ್ಲಿ ನಾಲ್ಕುನೂರು ಹಿಡಿಯುವುದಿಲ್ಲ. ಉಜ್ಜಪ್ಪ ಮೆಟ್ಟಿಲ ಮೇಲೆ ನಿಂತು ಹೇಳಿದ: “ಬಿಳಿಯರ ಬೂಟಿನ ಒದೆ ನಾವು ತಿಂದೀವಿ, ಅದಕ್ಕೆ ಲೆಕ್ಕ ಚುಕ್ತಾ ಮಾಡೀವಿ. ಈಗ ನಮ್ಮೋರೇ ನಮ್ಮ ಗುಮಾಸ್ತರಿಗೆ ನಾಯಿ ಅಂತ ಒದೀತಾರೆ! ಕೇಳೋರಿಲ್ಲೇನು?”

ಸದಾಶಿವಪ್ಪನವರನ್ನು ಮುಂದಕ್ಕೆ ತಂದರು.

“ನೀವೇ ಹೇಳ್ರಿ. ಒದ್ರೋ ಇಲ್ವೋ?”

ಆರು ದಿನ, ಐದು ಗಂಟೆ ಕಾಲ ಅಲುಗದಿದ್ದ ಕತ್ತು. ಸದಾಶಿವಪ್ಪನವರು ಮೇಲೆ ಕೆಳಗೆ ಆಡಿಸಿ ನೋಡಿದರು. ಎಂಥ ಹಾಯಿ! ಇನ್ನೊಮ್ಮೆ ಆಡಿಸಿದರು. ಜನ ಹೋ ಎಂದರು.

“ಬೈದ್ರೋ?” ಮೇಲೆ ಕೆಳಗೆ.

“ಹಿಂದೇನೂ ಒದ್ದಿದ್ರೋ?” ಮೇಲೆ ಕೆಳಗೆ. ಇವತ್ತೇ, ಎರಡು ಸಲ ಎಂದು ಬಾಯಿಂದ ಹೇಳಬೇಕಿತ್ತು.

“ನೋವಾತೇನ್ರಿ?” ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ.

“ಪಾಪ, ಹೆದರ್ಯಾರೆ” ಎಂದಿತು ಜನ. ಹಾರ ತಂದರು. ಹಾರಕ್ಕೆ ಸದಾಶಿವಪ್ಪನವರು ಕತ್ತನ್ನು ಪೂರಾ ಬಗ್ಗಿಸಿದರು. ಅವಶ್ಯಕತೆಗಿಂತ ಹೆಚ್ಚು ಹೊತ್ತು. ಸಾಹೇಬರ ಮೇಲೆ ಅಲ್ಲೇ ಬರೆದ ಅರ್ಜಿಗೆ ಅರವತ್ಮೂರು ಸಹಿ ಬಿದ್ದವು. ಅದರಲ್ಲಿ ಇಪ್ಪತ್ತೆರಡು ಹೆಬ್ಬೆಟ್ಟು.

ಸಾಹೇಬರು ಹಿಂಬಾಗಿಲಿಂದ ಸೊರಬಕ್ಕೆ ಹೋದರು. ಕಾಯಂ ಕಾಗದ ಮೇಜಿನ ಮೇಲೆ ಉಳಿಯಿತು, ಒಂಬತ್ತನೆಯ ಕಲಂ ಖಾಲಿ.

ಮನೆಗೆ ಹೋದ ಮೇಲೆ ನಿರ್ಮಲಮ್ಮ ಹಾರ ತೆಗೆದು ಎಮ್ಮೆಗೆಂದು ಬಸಕ್ಕನ ಕೈಗೆ ಕೊಟ್ಟರು. “ಆ ಪುಣ್ಯಾತ್ಮನ ಕೆಲಸ ಹೋದ್ರೆ ನಿಮ್ಮ ಕಾಗದಕ್ಕೆ ಸಹಿ ಹಾಕೋರು ಯಾರ್ರೀ?”

“ನಿಜ ಹೇಳಿದ್ರೆ ಕತ್ತಿನ ವಿಷಯ ಬರ್ತೈತಿ. ಮುಚ್ಚಿಟ್ಟಿದ್ದು ಗೊತ್ತಾಗ್ತೈತಿ. ಆಗ ನಾನೂ ತೊಗರ್ಸಿಗೇ.”

“ಹೇಳ್ದಿದ್ರೆ?”

ಸದಾಶಿವಪ್ಪನವರ ಕತ್ತು ಈ ಸಲ ಯಾವ ಕಡೆಗೂ ಆಡಲಿಲ್ಲ. ಐದು ದಿನ ಹೀಗೇ ನಡೆಯಿತು. ಬೆಳಿಗ್ಗೆ ಹಿತ್ತಿಲ ಕಲ್ಲಿನ ಮೇಲೆ ಕೂರುವುದನ್ನು ಬಿಟ್ಟರು. ಬಸಕ್ಕನ ಮನೆಯಲ್ಲಿ ಹಾಲು ಕರೆಯುವುದು ತಡವಾಯಿತು.

ಡಿಸೆಂಬರ್ ೧೭, ಬುಧವಾರ, ಪ್ರವಾಸಿ ಮಂದಿರದಲ್ಲಿ ವಿಚಾರಣೆ. ಶಿವಮೊಗ್ಗದಿಂದ ಜೀಪಿನಲ್ಲಿ ಬಂದ ಹಿರಿಯ ಅಧಿಕಾರಿ ಎರಡೂ ಕೈ ಊರಿ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಬೆನ್ನ ಹಿಂದೆ ದಿಂಬು ಇಡಿಸಿಕೊಂಡರು. ಜಯಪ್ಪ ಕಂಡದ್ದನ್ನು ಹೇಳಿದ. ಉಜ್ಜಪ್ಪ ಕಂಡದ್ದನ್ನೂ ಕಾಣದ್ದನ್ನೂ ಹೇಳಿದ. ಮಧುಕೇಶ್ವರ ಸಾಹೇಬರು ಬಿಳಿಚಿಕೊಂಡು ನಿಂತಿದ್ದರು.

“ಕಾಲು ತಗುಲಿದ್ದು ನಿಜ. ನಾಯಿ ಅಂದುಕೊಂಡದ್ದೂ ನಿಜ. ಅವರು ಮೇಜಿನ ಕೆಳಗೆ ಯಾಕಿದ್ದರು ನನಗೆ ಗೊತ್ತಿಲ್ಲ.”

“ಸದಾಶಿವಪ್ಪ, ನೀವು ಯಾಕಿದ್ದಿರಿ?”

ಸದಾಶಿವಪ್ಪನವರು ಸಾಹೇಬರ ಕಡೆ ನೋಡಿದರು, ನೆಲ ನೋಡಿದರು, ಸೂರು ನೋಡಿದರು. ಎಲ್ಲ ಕಡೆ ನೋಡಲು ಈಗ ಅಡ್ಡಿಯಿರಲಿಲ್ಲ.

ಹಿಂದಿನಿಂದ ನಿರ್ಮಲಮ್ಮನವರ ದನಿ ಬಂತು: “ಹೇಳ್ರೀ! ಕತ್ತು ಸರಿಯಾತಲ್ಲ, ಬಾಯಿಗೇನಾತು?”

“ಕತ್ತಿಗೆ ಏನಾಗಿತ್ತು?” ಎಂದರು ಹಿರಿಯ ಅಧಿಕಾರಿ.

ಆಗ ಸದಾಶಿವಪ್ಪನವರು ಎಲ್ಲವನ್ನೂ ಹೇಳಿದರು. ನೆಟಿಗೆ, ಬೆಳ್ಳುಳ್ಳಿ, ದಿಂಬು, ಒಂಬತ್ತನೆಯ ಕಲಂ, ಕಾಫಿ, ರೂಲುದೊಣ್ಣೆ. “ಸಾಹೇಬ್ರದ್ದೇನೂ ತಪ್ಪಿಲ್ಲ ಸ್ವಾಮಿ. ಮೂರು ಒದೆಯನ್ನೂ ನಾನೇ ಹೋಗಿ ತಗೊಂಡೆ. ನನ್ನ ಹೆಸರು ಹೊಡೆದು ಹಾಕ್ರಿ, ಅವರನ್ನ ಬಿಡ್ರಿ.” ಇಷ್ಟು ಹೇಳುವಾಗ ಅವರ ಕತ್ತು ನೆಟ್ಟಗಿತ್ತು.

ಉಜ್ಜಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ.

“ಇವರು ಕಾಲು ಮುಂದಾಗಿ ಹುಟ್ಟಿದ್ದಕ್ಕೆ ಸಾಕ್ಷಿ?” ಎಂದರು ಹಿರಿಯ ಅಧಿಕಾರಿ.

ಬಸಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನಾನಿದೀನಿ ಸ್ವಾಮಿ. ಮೂರು ವರ್ಷದೋರಿದ್ದಾಗ ನಮ್ಮಪ್ಪನ ಸೊಂಟಕ್ಕೆ ಒದ್ದಿದಾರೆ. ಅವತ್ತು ಎದ್ದ ನಮ್ಮಪ್ಪ ಸಾಯೋ ತನಕ ಸೊಂಟ ಅಂದಿಲ್ಲ.”

ಎಲ್ಲರೂ ಸಾಹೇಬರ ಎಡಗಾಲನ್ನು ನೋಡಿದರು. ಸಾಹೇಬರು ಅದನ್ನು ಬಲಗಾಲಿನ ಹಿಂದೆ ಸರಿಸಿದರು.

“ಹೌದು” ಎಂದರು. “ಹನ್ನೆರಡು ವರ್ಷ ತುಂಬೋ ತನಕ ಒದ್ದಿದೇನೆ. ಭಾನುವಾರ ಬೇರೆ ಮಕ್ಕಳಿಗೆ ರಜ. ನಮ್ಮ ಮನೆ ಬಾಗಿಲಲ್ಲಿ ಗಾಡಿ ಸಾಲು. ಊಟಕ್ಕೆ ಕೂತಾಗ ಒದೆಸಿದಾರೆ, ಜ್ವರ ಬಂದಾಗ ಒದೆಸಿದಾರೆ. ಇದೊಂದು ತಪ್ಪಿಸಿಕೊಳ್ಳೋಕೇ ಸಾಗರದ ಶಾಲೆಗೆ ಹೋದೆ, ಓದಿದೆ, ಈ ಕೆಲಸಕ್ಕೆ ಬಂದೆ. ಇಪ್ಪತ್ಮೂರು ವರ್ಷ ಯಾರಿಗೂ ಗೊತ್ತಿರಲಿಲ್ಲ.”

ಹಿರಿಯ ಅಧಿಕಾರಿ ಲೇಖನಿ ಕೆಳಗಿಟ್ಟರು. “ಇದು ಈಗ ಬರೀ ಕತ್ತಿಗೋ, ಸೊಂಟಕ್ಕೂ ಇನ್ನೂ ಆಗ್ತದೋ?”

ಈ ಪ್ರಶ್ನೆ ವಿಚಾರಣೆಯ ದಾಖಲೆಯಲ್ಲಿ ಇಲ್ಲ.

ಅರ್ಜಿ ವಜಾ ಆಯಿತು. ಉಜ್ಜಪ್ಪ ಎದ್ದುನಿಂತು, “ಬಸ್ಸಿನಾಗೆ ನನ್ನ ಮಾತು ಕೇಳಿದ್ದೂ ಕತ್ತಿನಿಂದಲೇ ಏನ್ರೀ?” ಎಂದು ಕೇಳಿದ. ಸದಾಶಿವಪ್ಪನವರು ಈ ಬಾರಿ ತಲೆಯಾಡಿಸದೆ, “ಹೌದಪ್ಪ. ಆದ್ರೆ ಎಲ್ಲಾ ಕೇಳಿಸ್ತು. ಸರ್ವೆ ನಂಬರು ನೆನಪೈತಿ” ಎಂದರು. ನಕಲು ಅಂದೇ ಸಂಜೆ ಸಿಕ್ಕಿತು. ಹಿರಿಯ ಅಧಿಕಾರಿ ಸದಾಶಿವಪ್ಪನವರ ಕತ್ತನ್ನು ನಾಲ್ಕೂ ದಿಕ್ಕಿಗೆ ತಿರುಗಿಸಲು ಹೇಳಿ ನೋಡಿದರು. ಎಲ್ಲೂ ಸದ್ದು ಬರಲಿಲ್ಲ. ಮಧುಕೇಶ್ವರ ಸಾಹೇಬರು ಒಂಬತ್ತನೆಯ ಕಲಮಿನಲ್ಲಿ ‘ಇಲ್ಲ’ ಎಂದು ಬರೆದು, ಯಾರ ಮುಖವನ್ನೂ ನೋಡದೆ ಸೊರಬದ ಬಸ್ಸು ಹತ್ತಿದರು.

ಮರುದಿನ, ಗುರುವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಸೊರಬದಲ್ಲಿ ಸಾಹೇಬರ ಮನೆಯ ಜಗುಲಿಯ ಮೇಲೆ ಹದಿಮೂರು ಜನ ಕಾಯುತ್ತಿದ್ದರು. ಹದಿನಾಲ್ಕನೆಯವರು ಶಿವಮೊಗ್ಗದ ಜೀಪಿನಿಂದ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದರು.